ಸ್ಲ್ಯಾಶ್ ಅಂದ್ರ ಯಾವ್ದು?

ನಮ್ಮ ಕ್ಲಬ್ಬಿನ ವೆಬ್ ಚಾಟ್‌ಗೆ ಕನ್ನಡದಲ್ಲಿ ಹೆಲ್ಪ್ ಗೈಡ್ ಬರೀತಿದ್ದೇನೆ. ಒಳಗೆ ಓಡೋದು ಐಆರ್‌ಸಿ, 1988ರಲ್ಲಿ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ನಾನು ಓದಿದ ಗೈಡ್‌ಗಳು ಈಗಲೂ ಸರ್ವರ್, ಪೋರ್ಟ್ ಅಂತಲೇ ಶುರುವಾಗ್ತವೆ. ನಮ್ಮದರಲ್ಲಿ ಅವು ಕೊನೇ ಪುಟಕ್ಕೆ ಹೋಗಿವೆ; ಮೊದಲ ಸಾಲು, ‘ನಿಮ್ಮ ಹೆಸರು ಟೈಪ್ ಮಾಡಿ, ಬಟನ್ ಒತ್ತಿ.’

ಕರಡನ್ನು ಅಷ್ಟೂರದಲ್ಲಿರೋ ತಮ್ಮನಿಗೆ ಕಳಿಸಿದೆ. “ಅಕ್ಕಾ, ಸ್ಲ್ಯಾಶ್ ಅಂದ್ರ ಯಾವ್ದು?” ಅಂದ. ಒಳ್ಳೇ ಪ್ರಶ್ನೆ! ಐಆರ್‌ಸಿಯಲ್ಲಿ ಕಮಾಂಡ್ ಶುರುವಾಗೋದೇ ಆ ಓರೆ ಗೆರೆಯಿಂದ. ಅದಕ್ಕೂ ಮುಂಚೆ ಒಂದು ಸ್ಪೇಸ್ ಬಿದ್ದರೆ, ಎಷ್ಟೋ ಆ್ಯಪ್‌ಗಳು ಮಾಮೂಲಿ ಮಾತು ಅಂದ್ಕೊಂಡು ಇಡೀ ಸಾಲನ್ನು ಚಾನೆಲ್‌ಗೇ ಕಳಿಸಿಬಿಡ್ತವೆ. ಹೆಸರು ರಿಜಿಸ್ಟರ್ ಮಾಡೋ ಕಮಾಂಡಲ್ಲಿ ಪಾಸ್‌ವರ್ಡ್ ಇರುತ್ತೆ. ಎಲ್ಲರೂ ಓದ್ತಾರೆ.

ಈ ಎಚ್ಚರಿಕೆ ಈಗ ಕಮಾಂಡಿನ ಮೇಲೇ ಇದೆ. ಕೆಳಗೆ ಹಾಕಿದ್ದರೆ, ಓದೋ ಹೊತ್ತಿಗೆ ಎಂಟರ್ ಒತ್ತಿ ಆಗಿರ್ತಿತ್ತು.