ಗಂಟೆ, ಫಲಕ, ಗುರ್ಕಾರ

ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವ ನಮಗೆ ತಿಳಿಸುವುದೆಂದರೆ ಕಾಗದ ಕಳುಹಿಸುವುದು. ಸುತ್ತೋಲೆಗೆ ಸಾಹೇಬರ ಸಹಿ ಬಿತ್ತು, ಜಾವಕ ಸಂಖ್ಯೆ ಬಿತ್ತು, ಫಲಕಕ್ಕೆ ಒಂದು ಪ್ರತಿ ಅಂಟಿತು. ಅಲ್ಲಿಗೆ ವಿಷಯ ಎಲ್ಲರಿಗೂ ತಿಳಿಯಿತೆಂದೇ ಲೆಕ್ಕ. ಓದಿದವರೆಷ್ಟು, ಓದದೆ ಉಳಿದವರಾರು ಎಂದು ಕೇಳುವ ಕಲಮು ಯಾವ ನಮೂನೆಯಲ್ಲಿಯೂ ಇಲ್ಲ. ಆದುದರಿಂದ ಈ ಕೆಲಸವನ್ನು ಬೇರೊಂದು ರೀತಿಯಲ್ಲಿ ನಡೆಸುವವರನ್ನು ಕಂಡು ನಮಗೆ ಕುತೂಹಲ ಹುಟ್ಟಿದರೆ ಆಶ್ಚರ್ಯವಲ್ಲ. ಅಂಥವರು ನಮ್ಮ ಬಿಡಾರದ ಹಿಂದೆಯೇ ಇದ್ದಾರೆ. ಮುಂಬಯಿಯ ಉಪನಗರದಲ್ಲಿ ನಾವಿರುವ ಕಟ್ಟಡಕ್ಕೂ ಕೆಥೊಲಿಕರ ಇಗರ್ಜಿಗೂ ನಡುವೆ ಒಂದೇ ಗೋಡೆ.

ನಾವು ಆ ಧರ್ಮದವರಲ್ಲ. ಆದರೂ ಕಾರ್ಕಳದ ಕಡೆಯವರಾದ ನಮಗೆ ಇಗರ್ಜಿ ಹೊಸತೇನಲ್ಲ. ಅತ್ತೂರಿನ ಜಾತ್ರೆಗೆ ಹೋಗದ ಮನೆ ನಮ್ಮ ಕಡೆ ಅಪರೂಪ. ಮೇಲಾಗಿ ಕೆಳಗಿನ ಮಾಳಿಗೆಯಲ್ಲಿ ಬಾಯಮ್ಮ ಇದ್ದಾರೆ. ಮಂಗಳೂರ ಕಡೆಯಿಂದ ಮದುವೆಯಾಗಿ ಬಂದವರು, ಈಗ ಒಬ್ಬರೇ ಇರುವವರು. ನಮ್ಮೊಡನೆ ಕನ್ನಡ, ದೇವರೊಡನೆ ಕೊಂಕಣಿ, ಮೀನಿನವಳೊಡನೆ ಮರಾಠಿ. ಇಗರ್ಜಿಯ ವಿಷಯದಲ್ಲಿ ನಮಗೆ ತಿಳಿದುದರಲ್ಲಿ ಹೆಚ್ಚಿನದು ಅವರಿಂದ ತಿಳಿದುದೇ.

ಮೊದಲನೆಯದು ಗಂಟೆ. ಬೆಳಗ್ಗೆ, ನಡುಹಗಲು, ಸಂಜೆ ಪ್ರಾರ್ಥನೆಯ ಗಂಟೆಯಾಗುತ್ತದೆ. ಸಂಜೆಯದನ್ನು ಮಂಗಳೂರ ಕಡೆ ಆಮೋರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿಯೂ ಮಕ್ಕಳು ಆಟ ಬಿಟ್ಟು ಕೈಕಾಲು ತೊಳೆಯುವುದು ಅದನ್ನು ಕೇಳಿಯೇ. ಸಾವಿನ ಗಂಟೆ ಬೇರೆ. ಒಂದು ಬಡಿತ, ಆಮೇಲೆ ಬಹಳ ಹೊತ್ತು ಮೌನ, ಮತ್ತೆ ಒಂದು ಬಡಿತ. ಬಾಯಮ್ಮ ಕೈಯ ಕೆಲಸ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡು ಕಿಟಕಿಗೆ ಬರುತ್ತಾರೆ. "ಯಾರಂತೆ?" ಗಂಟೆ ಹೆಸರು ಹೇಳುವುದಿಲ್ಲವಷ್ಟೆ, ಹೆಸರಿಗಾಗಿ ಪಕ್ಕದವರನ್ನು ಕೇಳಲೇಬೇಕು. ಹಾಗೆ ಕೇಳುತ್ತ ಕೇಳುತ್ತ ಜನ ಸತ್ತವರ ಮನೆಯ ಬಾಗಿಲಿಗೆ ಬಂದಿರುತ್ತಾರೆ.

ಎರಡನೆಯದು ಭಾನುವಾರದ ಪ್ರಕಟಣೆ. ಪೂಜೆಯ ಕೊನೆಗೆ, ಆಶೀರ್ವಾದಕ್ಕೆ ಮುನ್ನ, ಆ ವಾರದ ಸಂಗತಿಗಳನ್ನು ಓದುತ್ತಾರೆ: ಮಕ್ಕಳ ಧರ್ಮಪಾಠದ ಹೊತ್ತು, ರಕ್ತದಾನದ ದಿನ, ಬಡವರ ನಿಧಿಯ ವಿಷಯ. ನಮ್ಮ ಇಗರ್ಜಿಯಲ್ಲಿ ಇಂಗ್ಲಿಷು, ಕೊಂಕಣಿ, ಮರಾಠಿ ಪೂಜೆಗಳಿಗೆ ಬೇರೆ ಬೇರೆ ಹೊತ್ತು. ಆಯಾ ಪೂಜೆಯಲ್ಲಿ ಆಯಾ ಭಾಷೆಯ ಪ್ರಕಟಣೆ. ಅದೇ ಮಾತು ಬಾಗಿಲ ಬಳಿಯ ಫಲಕದಲ್ಲಿ, ವಾರದ ಅಚ್ಚಿನ ಹಾಳೆಯಲ್ಲಿ, ಈಚೆಗೆ ಫೋನಿನ ವಾಟ್ಸಾಪಿನಲ್ಲಿಯೂ ಬರುತ್ತದೆ. ಒಂದೇ ವಿಷಯಕ್ಕೆ ಇಷ್ಟು ದಾರಿಗಳೇಕೆ ಎಂದು ನಾವೊಮ್ಮೆ ಕೇಳಿದೆವು. "ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಕಿವಿಯಿಲ್ಲ, ನನಗೆ ಆ ದೊಡ್ಡ ಫೋನಿಲ್ಲ ಮಾರಾಯ್ರೆ" ಎಂದರು ಬಾಯಮ್ಮ.

ಇವುಗಳಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ್ದು ಮದುವೆಯ ಪ್ರಕಟಣೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿಯೇನಾದರೂ ಗೊತ್ತಿದ್ದವರು ತಿಳಿಸಬೇಕು ಎಂದು ಮೂರು ಭಾನುವಾರ ಸಭೆಗೆ ಹೇಳುತ್ತಾರೆ. ಪದ್ಧತಿ ಹಳೆಯದು. 1215ರಲ್ಲಿ ರೋಮಿನ ಲ್ಯಾಟರನ್ ಮಹಾಸಭೆ ಇದನ್ನು ಎಲ್ಲೆಡೆಗೂ ವಿಧಿಸಿತು. ಮೂರು ಬಾರಿ ಎಂಬ ಕಟ್ಟಳೆಯನ್ನು 1563ರಲ್ಲಿ ಟ್ರೆಂಟ್ ಮಹಾಸಭೆ ಖಚಿತಪಡಿಸಿತು. ನಮ್ಮ ದೇಶದ 1872ರ ಕ್ರೈಸ್ತ ವಿವಾಹ ಕಾನೂನು ಕೂಡ, ಪರವಾನಗಿ ಪಡೆದ ಧರ್ಮಗುರುಗಳು ತಮ್ಮ ಇಗರ್ಜಿಯಲ್ಲಿ ನಡೆಸುವ ಮದುವೆಯ ಸೂಚನೆಯನ್ನು ಅಲ್ಲಿ ಎದ್ದು ಕಾಣುವ ಸ್ಥಳದಲ್ಲಿ ಅಂಟಿಸಬೇಕೆನ್ನುತ್ತದೆ. ಇದು ಬರಿಯ ಸುದ್ದಿಯಲ್ಲ, ಕೇಳಿದವರಿಗೊಂದು ಪ್ರಶ್ನೆಯೂ ಹೌದು. ನಮ್ಮ ಕಚೇರಿಯ ಸುತ್ತೋಲೆಯಲ್ಲಿ ಕಾಣದ ಗುಣ ಅದು.

ಅಚ್ಚಿನ ವಿಷಯದಲ್ಲಿ ಕನ್ನಡಿಗರಾದ ನಾವು ಇನ್ನೊಂದು ಮಾತನ್ನು ನೆನೆಯಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಪಾದ್ರಿಗಳು. ಅವರದು ಪ್ರೊಟೆಸ್ಟಂಟ್ ಸಭೆ. ಕೆಥೊಲಿಕರ ಕಡೆ ಮುಂಬಯಿಯಲ್ಲಿ 1850ರಲ್ಲಿ 'ಎಕ್ಸಾಮಿನರ್' ಹುಟ್ಟಿತು; ಮಂಗಳೂರಿನಲ್ಲಿ 1938ರಲ್ಲಿ ಕೊಂಕಣಿಯ 'ರಾಕ್ಣೊ' ಹೊರಟಿತು. ರಾಕ್ಣೊ ಎಂದರೆ ಕಾವಲುಗಾರ.

ಆದರೆ ಗಂಟೆಯಾಗಲಿ ಪತ್ರಿಕೆಯಾಗಲಿ ಮಂಚ ಹಿಡಿದವರ ಸುದ್ದಿಯನ್ನು ಹಿಂದಕ್ಕೆ ತರಲಾರದು. ಅದಕ್ಕೆ ಗುರ್ಕಾರ ಬೇಕು. ಮಂಗಳೂರ ಕಡೆ ಇಗರ್ಜಿಗೆ ಸೇರಿದ ಮನೆಗಳನ್ನು ವಾಡೊಗಳಾಗಿ ಹಂಚಿ, ಪ್ರತಿ ವಾಡೊಗೆ ಒಬ್ಬ ಗುರ್ಕಾರನನ್ನು ನೇಮಿಸುತ್ತಾರೆ. ನಮ್ಮೂರ ಗುರಿಕಾರನನ್ನು ನೆನಪಿಸುವ ಹೆಸರು. ಮುಂಬಯಿಯಲ್ಲಿ ಇದಕ್ಕೆ ಕಿರು ಸಮುದಾಯವೆಂಬ ಹೊಸ ಹೆಸರಿದೆ. ಬಾಯಮ್ಮನಿಗೆ ಮಾತ್ರ ಇಂದಿಗೂ ಅದು ವಾಡೊ, ಅದನ್ನು ನೋಡಿಕೊಳ್ಳುವವರು ಗುರ್ಕಾರರು. 2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ಇಗರ್ಜಿಯ ಬಾಗಿಲು ಮುಚ್ಚಿ ಪೂಜೆ ಫೋನಿನ ತೆರೆಗೆ ಬಂದಾಗ, ಗುರ್ಕಾರರು ಅಕ್ಕಿ ತರುವ ನೆವದಿಂದ ಕಿಟಕಿಯ ಕೆಳಗೆ ನಿಂತು ವಾರದ ಸಂಗತಿಗಳನ್ನು ಕೂಗಿ ಹೇಳಿ ಹೋಗುತ್ತಿದ್ದರು.

ಕಳೆದ ವರ್ಷ ಮೇ ರಜೆಯಲ್ಲಿ ನಾವು ಊರಿಗೆ ಹೋಗಿದ್ದಾಗ ಬಾಯಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಹೇಗೋ ಎದ್ದು ಹಾಸಿಗೆ ಸೇರಿದವರಿಗೆ ಮತ್ತೆ ಏಳಲಾಗಲಿಲ್ಲ. ಮರುದಿನ ಭಾನುವಾರ. ಪೂಜೆಯಲ್ಲಿ ಅವರ ಜಾಗ ಖಾಲಿಯಿದ್ದುದನ್ನು ಗುರ್ಕಾರರು ಕಂಡು ನೇರವಾಗಿ ಮನೆಗೆ ಬಂದು ಆಸ್ಪತ್ರೆಗೆ ಕರೆದೊಯ್ದರು. ಮುಂದಿನ ಭಾನುವಾರ ರೋಗಿಗಳಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಅವರ ಹೆಸರು ಬಂತು. ನಾವು ಊರಿನಿಂದ ಮರಳಿದಾಗ ಅವರ ಮೇಜಿನ ಮೇಲೆ ಬೇರೆ ಬೇರೆ ಮನೆಗಳ ಸ್ಟೀಲಿನ ಡಬ್ಬಗಳು ಸಾಲಾಗಿದ್ದುವು.

ಅದೇ ಮಳೆಗಾಲದಲ್ಲಿ ನಮ್ಮ ಸಂಘದ ಈ ತ್ರೈಮಾಸಿಕದ ಒಂದು ಪ್ರತಿ ಅಂಚೆಯಲ್ಲಿ ಹಿಂದಕ್ಕೆ ಬಂತು. ವಿಳಾಸದಾರರು ತೀರಿಕೊಂಡಿದ್ದಾರೆಂದು ಅಂಚೆಯವನು ಬರೆದಿದ್ದ. ಹಳೆಯ ಸದಸ್ಯರು; ಗಣೇಶೋತ್ಸವದ ನಾಟಕಗಳಲ್ಲಿ ಪಾತ್ರ ಮಾಡಿದವರು. ವಿಚಾರಿಸಲಾಗಿ, ಸತ್ತು ಏಳು ವಾರಗಳಾಗಿದ್ದುವು. ನಾಲ್ಕು ಜನ ಹೆಗಲು ಕೊಡಲು ಸಿಗದೆ ಕಟ್ಟಡದ ಕಾವಲುಗಾರನೂ ಒಂದು ಕೈ ಹಿಡಿದನಂತೆ. ಅವರ ಮನೆಯಿಂದ ಎರಡು ಗಲ್ಲಿ ಈಚೆಗೆ ಆರು ಕನ್ನಡ ಮನೆಗಳಿವೆ.

ಇಗರ್ಜಿಯ ಏರ್ಪಾಡಿನಲ್ಲಿ ಎಲ್ಲವೂ ಸುಖವೆಂದು ನಾವು ಹೇಳೆವು. "ಯಾರ ಮನೆಯಲ್ಲಿ ಎಷ್ಟು ದಿನ ಮಾತಿಲ್ಲ ಎಂಬುದೂ ಗೊತ್ತಾಗ್ತದೆ" ಎಂದು ಬಾಯಮ್ಮನೇ ಗೊಣಗುವುದುಂಟು. ಆದರೂ ಬಿದ್ದ ಮರುದಿನ ಒಬ್ಬರು ಬಾಗಿಲು ತಟ್ಟುತ್ತಾರೆಂದರೆ ಆ ಕಿರುಕುಳವನ್ನು ಸಹಿಸಬಹುದೆಂದು ತೋರುತ್ತದೆ.

ಸಂಘಕ್ಕೆ ಗಂಟೆಯಿಲ್ಲ, ಪ್ರತಿ ಭಾನುವಾರ ಸೇರುವ ರೂಢಿಯೂ ಇಲ್ಲ. ಗುರ್ಕಾರನಿಗೆ ಮಾತ್ರ ಅಡ್ಡಿಯಿಲ್ಲ. ಹತ್ತು ಮನೆಗೆ ಒಬ್ಬರು, ತಿಂಗಳಿಗೊಮ್ಮೆ ನಡೆದು ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೆ ಸಾಕು. ಮುದುಕರೊಬ್ಬರೇ ಇರುವ ಮನೆಯಾದರೆ ವಾರಕ್ಕೊಮ್ಮೆ. ನಮ್ಮ ಗಲ್ಲಿಯ ಹನ್ನೊಂದು ಮನೆಗಳ ಪಟ್ಟಿಯನ್ನು ನಾವು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ. ವಾಚಕರು ತಮ್ಮ ತಮ್ಮ ಗಲ್ಲಿಯದನ್ನು ದೀಪಾವಳಿ ಸಂಚಿಕೆ ಹೊರಡುವುದರೊಳಗೆ ಬರೆದು ಕಳುಹಿಸಿದರೆ ಉಪಕಾರವಾದೀತು.