ಲ್ಯಾಪ್‌ಟಾಪು, ಪೆಡಲ್ಲು ಮತ್ತು ಅಪ್ಪನ ಡೋಲಕ್ಕು

ನಮ್ಮೂರ ಗಣೇಶನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡಲು ಕೂತ ಮೊದಲಿಗ ನಾನೇ. ಬಹುಶಃ ಕೊನೆಯವನೂ ನಾನೇ!

ಲೈವ್ ಲೂಪಿಂಗ್ ಅಂದ್ರೆ ಬ್ರಹ್ಮವಿದ್ಯೆ ಏನಲ್ಲ. ನಾಲ್ಕು ಆವರ್ತ ಗಿಟಾರ್ ನುಡಿಸಿ ಗುಂಡಿ ಒತ್ತಿದರೆ ಅದು ತನ್ನಷ್ಟಕ್ಕೆ ಸುತ್ತುತ್ತಿರುತ್ತೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ದನಿ. ಒಬ್ಬನೇ ಇಡೀ ಭಜನಾ ಮಂಡಳಿ ಆಗಬಹುದು. ರಾಬರ್ಟ್ ಫ್ರಿಪ್ ಮತ್ತು ಬ್ರಯಾನ್ ಈನೋ 1973ರಲ್ಲಿ ಹೊರತಂದ ಆಲ್ಬಮ್ಮಿಗೆ ಎರಡು ಟೇಪ್ ರೆಕಾರ್ಡರ್‌ಗಳ ನಡುವೆ ಒಂದೇ ಟೇಪು ಹಾಯಿಸಿ ಇದನ್ನೇ ಮಾಡಿದ್ದರು. ಈಗ ದಾರಿ ಎರಡು: ಏಬಲ್ಟನ್ ಲೈವ್ ಥರದ ಸಾಫ್ಟ್‌ವೇರ್, ಇಲ್ಲಾ ಕಾಲಲ್ಲಿ ಒತ್ತುವ ಲೂಪ್ ಪೆಡಲ್.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಯಾವುದನ್ನು ಆರಿಸಿದೆ ಅಂತ ಹೇಳಬೇಕಾ?

ಬೆಂಗಳೂರಿನ ರೂಮಲ್ಲಿ ಎಲ್ಲ ಸರಿಯಿತ್ತು. ಊರಲ್ಲಿ ಶಾಮಿಯಾನದ ಸೆಖೆಗೆ ಲ್ಯಾಪ್‌ಟಾಪ್ ಕಾದು, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಸ್ಪೀಕರಲ್ಲಿ ಚಟಪಟ ಸದ್ದು. ಸದ್ದು ನಿಲ್ಲಲಿ ಅಂತ ಬಫರನ್ನು 128ರಿಂದ 1024 ಸ್ಯಾಂಪಲ್ಲಿಗೆ ಏರಿಸಿದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಒಳಗೆ ಹೋಗಲು 23 ಮಿಲಿಸೆಕೆಂಡು, ಹೊರಗೆ ಬರಲು ಇನ್ನೊಂದು 23. ಕಾಗದದ ಮೇಲೆ ಏನೂ ಅಲ್ಲ. ಆದರೆ ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 16 ಮೀಟರ್ ಹೋಗುತ್ತೆ. ಅಂದರೆ ನನ್ನದೇ ಗಿಟಾರು ಊರ ಅರಳೀಕಟ್ಟೆಯಿಂದ ಕೇಳಿಸಿದಂತೆ! ತಾಳ ತಪ್ಪಿತು. ಪಕ್ಕದಲ್ಲಿ ಡೋಲಕ್ ಹಿಡಿದಿದ್ದ ಅಪ್ಪ ನನ್ನ ಮುಖ ನೋಡಿ ಕೈ ನಿಲ್ಲಿಸದೆ ಸಂಭಾಳಿಸುತ್ತಿದ್ದರು. ಎರಡನೇ ಹಾಡಿಗೆ ಸಾಫ್ಟ್‌ವೇರ್ ಪೂರ್ತಿ ಮಲಗಿತು. ಅಪ್ಪ ಮಾತ್ರ ನಿಲ್ಲಿಸಲಿಲ್ಲ. ಜನ ಚಪ್ಪಾಳೆ ತಟ್ಟುತ್ತಾ ಭಜನೆ ಮುಗಿಸಿದರು.

"ಆ ಡಬ್ಬಿ ಇಲ್ದೆ ಹಾಡಕ್ಕೆ ಬರಲ್ವೇನ್ಲಾ?" ಅಂದರು ರಾತ್ರಿ ಊಟಕ್ಕೆ ಕೂತಾಗ.

ಬೆಂಗಳೂರಿಗೆ ಬಂದವನೇ ಸೆಕೆಂಡ್ ಹ್ಯಾಂಡ್ ಪೆಡಲ್ ಒಂದನ್ನು ಕೊಂಡೆ. ಅದಕ್ಕೆ ಅಪ್ಡೇಟಿಲ್ಲ, ಪಾಸ್‌ವರ್ಡಿಲ್ಲ, ನಡುವೆ ಆಫೀಸಿನ ಮೆಸೇಜ್ ಬರಲ್ಲ. ಒಂದೇ ಕೆಲಸಕ್ಕೆ ಮಾಡಿದ್ದು, ಒತ್ತಿದ ಕ್ಷಣಕ್ಕೆ ಹಿಡಿಯುತ್ತೆ. ಆದರೆ ಕಾಲು ಒಂಚೂರು ತಡವಾದರೆ ಆ ತಪ್ಪೂ ಸೇರಿಕೊಂಡು ಪ್ರತಿ ಸುತ್ತಿಗೂ ಬಂದು ಅಣಕಿಸುತ್ತೆ. ಕಂಪ್ಯೂಟರಾದರೆ ಗುಂಡಿ ಒತ್ತಿದ್ದು ಹೆಚ್ಚುಕಮ್ಮಿ ಆದರೂ ಲೂಪನ್ನು ತಾಳಕ್ಕೆ ಕೂರಿಸಿಕೊಳ್ಳುತ್ತೆ. ಪದರಗಳನ್ನು ಬೇರೆಬೇರೆ ಇಡುತ್ತೆ, ಶ್ರುತಿ ಬದಲಿಸದೆ ಲಯ ನಿಧಾನ ಮಾಡುತ್ತೆ. ನನ್ನ ಅಗ್ಗದ ಪೆಡಲ್ಲಿಗೆ ಇದ್ಯಾವುದೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ವೇದಿಕೆಗೆ ಪೆಡಲ್, ಮನೆಗೆ ಕಂಪ್ಯೂಟರ್ ಅಂತೀನಿ.

ಹೀಗನ್ನಲು ಇನ್ನೊಂದು ಕಾರಣ ಇದೆ. ಆ ವರ್ಷದ ಚಳಿಗಾಲದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ ಸ್ವಾಧೀನ ತಪ್ಪಿತು. ಡೋಲಕ್ ಅಟ್ಟ ಸೇರಿತು. ಒಂದು ದಿನ ಲ್ಯಾಪ್‌ಟಾಪಿನ ಹಳೇ ಫೋಲ್ಡರ್ ಅಳಿಸುತ್ತಿದ್ದಾಗ ಗಣೇಶನ ರಾತ್ರಿಯ ಫೈಲ್ ಸಿಕ್ಕಿತು. ಸಾಫ್ಟ್‌ವೇರ್ ಮಲಗುವ ಮುಂಚಿನ ಆರು ನಿಮಿಷ. ಡೋಲಕ್ಕಿಗೆ ಬೇರೆ ಮೈಕು ಇಟ್ಟಿದ್ದರಿಂದ ಅಪ್ಪನ ಕೈ ಬೇರೆಯೇ ಟ್ರ್ಯಾಕಲ್ಲಿತ್ತು. ಎಂಟು ಮಾತ್ರೆಯ ಒಂದು ಆವರ್ತ ಕತ್ತರಿಸಿ, ಲೂಪ್ ಮಾಡಿ, ಊರಿಗೆ ಹೋದಾಗ ಕೇಳಿಸಿದೆ. ಅಳ್ತಾರೇನೋ ಅಂತ ಭಯ ಇತ್ತು.

ಅಪ್ಪ ಕಣ್ಣು ಮುಚ್ಚಿ ನಾಲ್ಕು ಸುತ್ತು ಕೇಳಿದರು. ಮಾತು ಇನ್ನೂ ತೊದಲುತ್ತಿತ್ತು. "ಐದ್ನೇ ಪೆಟ್ಟು ಓಡ್ತೈತೆ. ಅಳ್ಸು. ಇನ್ನೊಂದ್ಸಲ ಬಾರಿಸ್ತೀನಿ, ಡೋಲಕ್ ಇಳ್ಸು."

ಅಟ್ಟದಿಂದ ಇಳಿಸಿ ಧೂಳು ಒರೆಸಿ ಮುಂದಿಟ್ಟೆ. ಬಫರ್ 128ಕ್ಕೆ ಇಳಿಸಿದೆ. ಹಳೆಯದನ್ನು ಅಳಿಸಲಿಲ್ಲ, ಅವರಿಗೆ ಹೇಳಲೂ ಇಲ್ಲ. ಎಡಗೈಯಲ್ಲಿ ಬಾರಿಸಿದ್ದು ಎರಡನೇ ಟ್ರ್ಯಾಕಲ್ಲಿದೆ.