ಬಿಲ್ಡ್ ಫೋಲ್ಡರಿನ ವಿಳಾಸ

ಪ್ರೋಗ್ರಾಂ ಬರೆಯುವುದರಲ್ಲಿ ಸುಖ ಕಾಣುವವರು ಬಹಳ ಮಂದಿ ಇದ್ದಾರೆ. ಬರೆದಿಟ್ಟ ಕಡತಗಳನ್ನು ಸರಿಯಾದ ಕ್ರಮದಲ್ಲಿ ಕಂಪೈಲರ್ ಮೊದಲಾದ ಸಾಧನಗಳಿಗೆ ಒಪ್ಪಿಸಿ, ಬಳಕೆಗೆ ಸಿದ್ಧವಾದ ರೂಪವನ್ನು ಹೊರತೆಗೆಯುವ ಬಿಲ್ಡ್ ಎಂಬ ಕೆಲಸದಲ್ಲಿ ಸುಖ ಕಾಣುವವರು ಕಡಿಮೆ, ಮತ್ತು ಅವರ ಸುಖವನ್ನು ಉಳಿದವರು ಸಾಮಾನ್ಯವಾಗಿ ಒಂದು ಬಗೆಯ ಗೀಳೆಂದೇ ಎಣಿಸುತ್ತಾರೆ. ಆ ಗೀಳಿನ ನಡುವೆ ಇರುವುದು ಎರಡು ಸಣ್ಣ ಪ್ರಶ್ನೆಗಳು: ಹುಟ್ಟಿದ ಕಡತ ಎಲ್ಲಿ ಹೋಗಿ ಕೂರಬೇಕು, ಅದನ್ನು ಅಲ್ಲಿ ಕೂರಿಸುವ ಆದೇಶವನ್ನು ಯಾರಿಗೆ ಅರ್ಥವಾಗುವಂತೆ ಹೇಳಬೇಕು. ಇವೆರಡಕ್ಕೂ ಒಂದೇ ಸರಿಯುತ್ತರವಿದ್ದಿದ್ದರೆ ಈ ಕೆಲಸದಲ್ಲಿ ಸ್ವಾರಸ್ಯವೇ ಇರುತ್ತಿರಲಿಲ್ಲ. ಯಂತ್ರದಿಂದ ಯಂತ್ರಕ್ಕೆ ಉತ್ತರ ಬದಲಾಗುತ್ತದೆ. ಒಳ್ಳೆಯ ಬಿಲ್ಡ್ ಕಡತವೆಂದರೆ ತಾನು ಎಲ್ಲಿ ಓಡುತ್ತಿದ್ದೇನೆಂಬ ಬಗ್ಗೆ ಅತಿ ಕಡಿಮೆ ಊಹೆ ಮಾಡಿಕೊಂಡ ಕಡತ.

ಈ ಕಸುಬಿಗೆ ಕನ್ನಡದ ನಂಟಿರುವ ಒಂದು ನಿದರ್ಶನ ಪುಣೆಯಲ್ಲಿ ಸಿಗುತ್ತದೆ. ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಮುಕ್ತವಾಗಿ ಹೊರತಂದ ಲೋಹಿತ್ ಫಾಂಟ್‌ಗಳ ಕುಟುಂಬವನ್ನು ಬಹುಕಾಲ ಪೋಷಿಸಿದ್ದು ಆ ಕಂಪನಿಯ ಪುಣೆ ಕಚೇರಿಯ ಎಂಜಿನಿಯರುಗಳು. ಲಿನಕ್ಸ್ ಗಣಕದಲ್ಲಿ ಕನ್ನಡ ಓದಿದವರಲ್ಲಿ ಹಲವರು, ಫಾಂಟಿನ ಹೆಸರು ತಿಳಿಯದೆಯೇ, ಓದಿದ್ದು ಲೋಹಿತ್ ಕನ್ನಡದಲ್ಲಿ. 2011ರಲ್ಲಿ ಅದು ಜಿಪಿಎಲ್ ಪರವಾನಗಿಯನ್ನು ಬಿಟ್ಟು ಫಾಂಟ್‌ಗಳಿಗೆಂದೇ ರೂಪಿಸಿದ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ಗೆ ಬಂದಿತು. ಫಾಂಟಿಗೂ ಪ್ರೋಗ್ರಾಮಿನಂತೆಯೇ ಸೋರ್ಸ್, ಅಂದರೆ ಮನುಷ್ಯ ತಿದ್ದುವ ಮೂಲರೂಪ, ಇರುತ್ತದೆ. ಅಕ್ಷರಗಳ ಬಾಗುಬಳುಕು, ಒತ್ತಕ್ಷರ ಎಲ್ಲಿ ಕೂರಬೇಕೆಂಬ ನಿಯಮ, ಅಕ್ಷರಗಳ ನಡುವಿನ ಅಂತರ ಇವೆಲ್ಲ ಜಾರ್ಜ್ ವಿಲಿಯಮ್ಸ್ ಆರಂಭಿಸಿದ ಫಾಂಟ್‌ಫೋರ್ಜ್ ತಂತ್ರಾಂಶದ ಎಸ್‌ಎಫ್‌ಡಿ ಎಂಬ ಪಠ್ಯ ಕಡತದಲ್ಲಿ ಸೇರಿರುತ್ತವೆ, ಮತ್ತು ಅದರಿಂದ ಓದುಗನ ಗಣಕಕ್ಕೆ ಬೇಕಾದ ಟಿಟಿಎಫ್ ಕಡತವನ್ನು ಹುಟ್ಟಿಸುವ ಕ್ರಮವನ್ನು ಮೇಕ್‌ಫೈಲ್ ಎಂಬ ಇನ್ನೊಂದು ಕಡತ ಹೇಳುತ್ತದೆ.

ಆ ಕಡತವನ್ನು ಓದಿ ನಡೆಸುವ ಮೇಕ್ ಎಂಬ ಸಾಧನ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಸಹೋದ್ಯೋಗಿ ಸ್ಟೀವ್ ಜಾನ್ಸನ್ ಆಗಲೇ ಸರಿಪಡಿಸಿದ್ದ ತಪ್ಪನ್ನು, ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರದ ಕಾರಣ, ಒಂದು ಬೆಳಗಿನ ಹೊತ್ತೆಲ್ಲ ಹುಡುಕಿ ದಣಿದದ್ದನ್ನು ಕೇಳಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ಅದರ ತತ್ತ್ವ ಸರಳ: ಹುಟ್ಟುವ ಕಡತಕ್ಕಿಂತ ಅದಕ್ಕೆ ಆಧಾರವಾದ ಕಡತ ಹೊಸದಾಗಿದ್ದರೆ ಮಾತ್ರ ಕೆಲಸವನ್ನು ಮತ್ತೆ ಮಾಡಬೇಕು. ಆದರೆ ಆ ಕೆಲಸವನ್ನು ಮೇಕ್ ತಾನೇ ಮಾಡುವುದಿಲ್ಲ. ಆದೇಶದ ಸಾಲುಗಳನ್ನು ಶೆಲ್‌ಗೆ, ಎಂದರೆ ಟೈಪು ಮಾಡಿದ ಆದೇಶವನ್ನು ಓದಿ ಬಿಡಿಸಿ ಆಪರೇಟಿಂಗ್ ಸಿಸ್ಟಮ್‌ಗೆ ತಲುಪಿಸುವ ಪ್ರೋಗ್ರಾಮಿಗೆ, ಒಪ್ಪಿಸುತ್ತದೆ, ಅದೂ ಸಾಲಿಗೊಂದು ಹೊಸ ಶೆಲ್‌ನಂತೆ. ಹೀಗಾಗಿ ಒಂದು ಸಾಲಿನಲ್ಲಿ 'ಸಿಡಿ' ಆದೇಶ ಕೊಟ್ಟು ಬೇರೆ ಫೋಲ್ಡರಿಗೆ ಹೋದವನು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಹೊರಟಲ್ಲಿಗೇ ಮರಳಿರುತ್ತಾನೆ. ಹೊಸಬರನ್ನು ಕಂಗೆಡಿಸುವ ಈ ಮರೆವು ನಿಜವಾಗಿ ಒಂದು ಸದ್ಗುಣ, ಏಕೆಂದರೆ ಹಿಂದಿನ ಸಾಲು ಬಿಟ್ಟುಹೋದ ಸ್ಥಿತಿಯನ್ನು ನೆಚ್ಚದೆ ಪ್ರತಿ ಸಾಲೂ ತನ್ನ ವಿಳಾಸವನ್ನು ಪೂರ್ತಿಯಾಗಿ ಹೇಳಿಕೊಳ್ಳಬೇಕಾಗುತ್ತದೆ. (ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂಬ ಕುಖ್ಯಾತ ನಿಯಮವನ್ನು ಮಾತ್ರ ಸದ್ಗುಣವೆನ್ನಲಾಗದು, ಅದು ಬೇಡವೆನಿಸುವ ಹೊತ್ತಿಗೆ ಹತ್ತು ಹನ್ನೆರಡು ಮಂದಿ ಬಳಕೆದಾರರಿದ್ದರೆಂದು ಫೆಲ್ಡ್‌ಮನ್ ಅದನ್ನು ಹಾಗೆಯೇ ಉಳಿಸಿದರು, ಈಗ ಜಗತ್ತು ಅದನ್ನು ಅನುಭವಿಸುತ್ತಿದೆ.)

ಹುಟ್ಟಿದ ಕಡತಗಳನ್ನು ಸೋರ್ಸ್ ಪಕ್ಕದಲ್ಲೇ ಬಿಡುವುದು ಹಳೆಯ ರೂಢಿ. ಅವಕ್ಕೆ ಬೇರೆಯೇ ಫೋಲ್ಡರ್ ಕೊಡುವುದು ಬಲ್ಲವರ ರೂಢಿ. ಬಿಲ್ಡ್ ಫೋಲ್ಡರ್ ಊಟವಾದ ಮೇಲೆ ಮಡಿಚಿ ಎಸೆಯುವ ಬಾಳೆಲೆಯಂತಿರಬೇಕು: ಅದನ್ನು ಅಳಿಸಿದಾಗ ಅಡುಗೆಮನೆಯ ಯಾವ ಪಾತ್ರೆಯೂ ಅದರ ಜೊತೆ ಹೋಗಬಾರದು. ಆದರೆ ಆ ಫೋಲ್ಡರನ್ನು ಹುಟ್ಟಿಸುವವರು ಯಾರು ಎಂದು ಕೇಳಿದಲ್ಲಿಂದ ರಸ ಶುರುವಾಗುತ್ತದೆ. ಮೇಕ್ ತಾನಾಗಿ ಫೋಲ್ಡರ್ ಮಾಡುವುದಿಲ್ಲವಾದ್ದರಿಂದ, ಫೋಲ್ಡರನ್ನೇ ಒಂದು ಆಧಾರವೆಂದು ಬರೆಯುವುದು ಸಹಜವಾಗಿ ತೋರುತ್ತದೆ; ಹಾಗೆ ಬರೆದರೆ ಬಿಲ್ಡ್ ಮುಗಿಯುತ್ತದೆ, ಆದರೆ ಎರಡನೆಯ ಸಲ ಓಡಿಸಿದಾಗ ಏನೂ ಬದಲಾಗದಿದ್ದರೂ ಹಲವು ಕಡತಗಳು ಮತ್ತೆ ಹುಟ್ಟುತ್ತವೆ. ಕಾರಣ ಫೈಲ್ ಸಿಸ್ಟಮ್‌ನಲ್ಲಿದೆ. ಫೋಲ್ಡರಿನೊಳಗೆ ಹೊಸ ಕಡತ ಸೇರಿದಾಗಲೆಲ್ಲ ಫೋಲ್ಡರಿನ ತಿದ್ದುಪಡಿ ಸಮಯವೂ ಮುಂದಕ್ಕೆ ಹೋಗುತ್ತದೆ, ಆಗ ಮೊದಲು ಹುಟ್ಟಿದ ಕಡತಗಳೆಲ್ಲ ತಮ್ಮ ಆಧಾರಕ್ಕಿಂತ ಹಳೆಯವಾಗಿ ಕಾಣುತ್ತವೆ. ಮೇಕ್‌ನ ಒಂದು ರೂಪವಾದ ಗ್ನೂ ಮೇಕ್ 2002ರ 3.80ನೆಯ ಆವೃತ್ತಿಯಲ್ಲಿ ಇದಕ್ಕೆ ಪರಿಹಾರ ತಂದಿತು: ಆಧಾರಗಳ ಪಟ್ಟಿಯಲ್ಲಿ ಒಂದು ನೆಟ್ಟಗೆರೆ ಎಳೆದು, ಅದರಾಚೆ ಬರೆದದ್ದು ಇದ್ದರೆ ಸಾಕು, ಅದರ ವಯಸ್ಸನ್ನು ಕೇಳಬೇಡ ಎಂದು ಸೂಚಿಸುವ ಕ್ರಮ. ಅಷ್ಟು ಸೂಕ್ಷ್ಮವಾದ ತರತಮವನ್ನು ಒಂದೇ ಗೆರೆಯಲ್ಲಿ ಹೇಳಿಸಿದ ಈ ಬರವಣಿಗೆಯಲ್ಲಿ ಬಿಲ್ಡ್ ರಸಿಕರು ಕಾಣುವ ಸೊಗಸು, ಆ ತೊಡಕಿನಿಂದ ಒಮ್ಮೆಯಾದರೂ ಬವಣೆಪಟ್ಟವರಿಗೆ ಮಾತ್ರ ತಿಳಿಯುವಂಥದ್ದು.

ಎರಡನೆಯ ಪ್ರಶ್ನೆ, ಶೆಲ್‌ನದು, ಇನ್ನೂ ಜಾರುವ ನೆಲ. 'ಎಂಕೆಡಿರ್' ಎಂಬುದು ಫೋಲ್ಡರ್ ಮಾಡುವ ಆದೇಶ. ಬ್ಯಾಶ್ ಎಂಬ ಶೆಲ್‌ನಲ್ಲಿ ಅದರ ಮುಂದೆ ಪುಷ್ಪಾವರಣದೊಳಗೆ ಎರಡು ಹೆಸರನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದರೆ ಎರಡು ಫೋಲ್ಡರುಗಳು ಹುಟ್ಟುತ್ತವೆ. ಅದನ್ನೇ ಡ್ಯಾಶ್ ಎಂಬ ಚಿಕ್ಕ, ಚುರುಕು ಶೆಲ್‌ಗೆ ಕೊಟ್ಟರೆ ಆವರಣ, ಅಲ್ಪವಿರಾಮ ಎಲ್ಲವನ್ನೂ ಹೆಸರಿನ ಭಾಗವೆಂದೇ ತಿಳಿದು ಒಂದೇ ಒಂದು ವಿಚಿತ್ರ ಫೋಲ್ಡರನ್ನು ಮಾಡಿಟ್ಟು, ಯಾವ ದೂರೂ ಹೇಳದೆ ಸುಮ್ಮನಾಗುತ್ತದೆ. ಉಬುಂಟು 2006ರ ಅಕ್ಟೋಬರ್‌ನ ಆವೃತ್ತಿಯಲ್ಲಿ ವ್ಯವಸ್ಥೆಯ ಮೂಲ ಶೆಲ್ಲಾಗಿ ಬ್ಯಾಶ್‌ನ ಜಾಗದಲ್ಲಿ ಡ್ಯಾಶ್ ತಂದಾಗ ಇಂಥ ಅದೆಷ್ಟೋ ಊಹೆಗಳು ಬಯಲಾದವು. ಆಪಲ್ ಕಂಪನಿಯೂ 2019ರಲ್ಲಿ ತನ್ನ ಗಣಕಗಳ ರೂಢಿಯ ಶೆಲ್ಲನ್ನು ಬ್ಯಾಶ್‌ನಿಂದ ಜೆಡ್-ಶೆಲ್‌ಗೆ ಬದಲಿಸಿತು. ಮೇಕ್ ಮಾತ್ರ ಬಳಕೆದಾರನ ಮೆಚ್ಚಿನ ಶೆಲ್ಲನ್ನು ಗಣಿಸದೆ ವ್ಯವಸ್ಥೆಯ ಮೂಲ ಶೆಲ್ಲನ್ನೇ ಕರೆಯುತ್ತದೆ. ಗಣಕದ ಮುಂದೆ ಕೂತವನು ನೇರವಾಗಿ ಟೈಪು ಮಾಡಿದಾಗ ಓಡುವ ಆದೇಶ ಮೇಕ್‌ಫೈಲಿನೊಳಗೆ ಮುಗ್ಗರಿಸುವುದು ಬಹುಮಟ್ಟಿಗೆ ಇದರಿಂದಲೇ.

ವಿಂಡೋಸ್‌ಗೆ ಬಂದರೆ ವಿಳಾಸದಲ್ಲಿ ಫೋಲ್ಡರುಗಳ ಹೆಸರನ್ನು ಬೇರ್ಪಡಿಸುವ ಓರೆಗೆರೆಯೇ ಮಗ್ಗುಲು ಬದಲಿಸುತ್ತದೆ. 1981ರ ಎಂಎಸ್-ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ, ಮುಂದಕ್ಕೆ ವಾಲಿದ ಸ್ಲ್ಯಾಶ್ ಆದೇಶದ ಸೂಚಕಗಳಿಗೆ ಮೀಸಲಾಗಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಹಿಂದಕ್ಕೆ ವಾಲಿದ ಬ್ಯಾಕ್‌ಸ್ಲ್ಯಾಶ್ ಹಿಡಿಯಬೇಕಾಯಿತು. ಯುನಿಕ್ಸ್ ಶೆಲ್‌ಗಳಲ್ಲಿ ಬ್ಯಾಕ್‌ಸ್ಲ್ಯಾಶ್ ಎಂದರೆ ಮುಂದಿನ ಅಕ್ಷರದ ವಿಶೇಷಾರ್ಥವನ್ನು ಕಳೆಯುವ ಗುರುತಾದ್ದರಿಂದ, ಒಂದು ಕಡೆಯ ವಿಳಾಸ ಇನ್ನೊಂದು ಕಡೆ ತನ್ನ ಗೆರೆಗಳನ್ನು ತಾನೇ ನುಂಗುತ್ತದೆ. ನಡುವಿನ ಫೋಲ್ಡರುಗಳನ್ನೂ ಸೇರಿಸಿ ಮಾಡು, ಈಗಾಗಲೇ ಇದ್ದರೆ ಗೊಣಗಬೇಡ ಎಂದು ಯುನಿಕ್ಸ್‌ನಲ್ಲಿ ಹೇಳಲು ಎಂಕೆಡಿರ್ ಮುಂದೆ ಹೈಫನ್ ಮತ್ತು 'ಪಿ' ಬರೆಯುತ್ತಾರೆ. ವಿಂಡೋಸ್‌ನ ಸಿಎಂಡಿ ಎಂಬ ಶೆಲ್ ಅದನ್ನೂ ಹೆಸರೆಂದೇ ಓದಿ, ಕೇಳಿದ ಫೋಲ್ಡರಿನ ಜೊತೆಗೆ 'ಹೈಫನ್-ಪಿ' ಎಂಬ ಇನ್ನೊಂದನ್ನೂ ಹೆತ್ತು ಕೊಡುತ್ತದೆ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಗ್ನೂ ಮೇಕ್‌ನದು: ವಿಂಡೋಸ್‌ನಲ್ಲಿ ಅದು ಮೊದಲು ಯುನಿಕ್ಸ್ ಬಗೆಯ ಶೆಲ್ ಎಲ್ಲಾದರೂ ಇದೆಯೇ ಎಂದು ಹುಡುಕುತ್ತದೆ, ಸಿಕ್ಕರೆ ಅದನ್ನೂ ಸಿಗದಿದ್ದರೆ ಸಿಎಂಡಿಯನ್ನೂ ಬಳಸುತ್ತದೆ. ಪುಣೆಯ ಹಿಂಜವಡಿಯ ಒಂದೇ ಕೋಣೆಯಲ್ಲಿ ಒಂದೇ ಮಾದರಿಯ ಎರಡು ಲ್ಯಾಪ್‌ಟಾಪ್‌ಗಳಲ್ಲಿ, ಗಿಟ್ ಎಂಬ ತಂತ್ರಾಂಶದ ಜೊತೆಗೆ ಬರುವ ಶೆಲ್ ಒಂದರಲ್ಲಿ ಹುಡುಕುವ ಹಾದಿಗೆ ಸೇರಿ ಇನ್ನೊಂದರಲ್ಲಿ ಸೇರಿಲ್ಲದಿದ್ದರೆ, ಒಂದೇ ಮೇಕ್‌ಫೈಲ್ ಎರಡು ಬಗೆಯಾಗಿ ನಡೆಯಬಲ್ಲುದು.

ಹೆಸರು ಕನ್ನಡದ್ದಾದರೆ ಲೆಕ್ಕ ಮತ್ತೂ ಸೂಕ್ಷ್ಮವಾಗುತ್ತದೆ. ಯೂನಿಕೋಡ್‌ನಲ್ಲಿ 'ಲೋಹಿತ್' ಎಂಬ ಹೆಸರು ಆರು ಸಂಕೇತಗಳು. ಲಿನಕ್ಸ್‌ನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಒಟ್ಟು 18 ಬೈಟ್. ಒಂದು ಹೆಸರಿಗೆ ಅಲ್ಲಿ 255 ಬೈಟ್‌ಗಳ ಮಿತಿ ಇರುವುದರಿಂದ ಕನ್ನಡದ ಹೆಸರು 85 ಸಂಕೇತಗಳಿಗೆ ನಿಲ್ಲುತ್ತದೆ, ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ 255ರವರೆಗೂ ಹೋಗಬಹುದು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಸಂಯುಕ್ತ ಸಂಕೇತಗಳನ್ನು ಬಿಡಿಸಿಯೇ ದಾಖಲಿಸುತ್ತಿತ್ತು. ಓಕಾರದ ಒಂದು ಸಂಕೇತ ಅಲ್ಲಿ ಮೂರಾಗಿ, ಅದೇ 'ಲೋಹಿತ್' ಎಂಟು ಸಂಕೇತಗಳಾಗಿ, ಯುಟಿಎಫ್-8ರಲ್ಲಿ 24 ಬೈಟ್ ಆಗುತ್ತಿತ್ತು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರನ್ನು ಬೈಟ್‌ಗಳಾಗಿಯೇ ಹೋಲಿಸುವ ಮೇಕ್ ಬೇರೆ ಬೇರೆ ಎಂದು ತೀರ್ಮಾನಿಸುವುದು ನ್ಯಾಯವೇ ಸರಿ. ಹಾಗಾಗಿ ಕನ್ನಡಕ್ಕಾಗಿ ದುಡಿಯುವವರೂ ಕಡತದ ಹೆಸರನ್ನು ರೋಮನ್ ಅಕ್ಷರದಲ್ಲಿ, ಖಾಲಿ ಜಾಗ ಬಿಡದೆ, ಇಡುವುದು ಅಭಿಮಾನದ ಕೊರತೆಯಿಂದಲ್ಲ. ಮೇಕ್‌ಗೆ ಖಾಲಿ ಜಾಗವೆಂದರೆ ಒಂದು ಹೆಸರು ಮುಗಿದು ಇನ್ನೊಂದು ಶುರುವಾದ ಗುರುತು.

ಇಷ್ಟೆಲ್ಲ ತೊಡಕಿಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳಲ್ಲಿ ಅವರವರ ಸ್ವಭಾವ ಕಾಣುತ್ತದೆ. 1991ರ ಆಟೋಕಾನ್ಫ್ ಎಲ್ಲ ಶೆಲ್‌ಗಳಿಗೂ ತಿಳಿಯುವ ಅತಿ ಬಡ ಉಪಭಾಷೆಯಲ್ಲಿ ಬರೆಯುವ ವ್ರತ ಹಿಡಿಯಿತು. 2000ದಲ್ಲಿ ಬಂದ ಜಾವಾದ ಆಂಟ್ ಶೆಲ್ಲನ್ನೇ ದೂರವಿಟ್ಟು ಫೋಲ್ಡರ್ ಮಾಡುವುದನ್ನೂ ನಕಲಿಸುವುದನ್ನೂ ತನ್ನದೇ ಆದೇಶಗಳಾಗಿಸಿಕೊಂಡಿತು. ಆಂಟ್‌ನ ಮಾತು ಮಿತಿಮೀರಿ ಉದ್ದ, ಅದನ್ನು ಓದುವುದರಲ್ಲಿ ಸುಖವಿಲ್ಲ. ಅದೇ ವರ್ಷ ವೈದ್ಯಕೀಯ ಚಿತ್ರಗಳ ತಂತ್ರಾಂಶಕ್ಕಾಗಿ ಹುಟ್ಟಿದ ಸಿಮೇಕ್ ನಡುದಾರಿ ಹಿಡಿದು, ಸೋರ್ಸ್‌ನ ಹೊರಗೆ ಬಿಲ್ಡ್ ಮಾಡುವುದನ್ನು ಶಿಷ್ಟಾಚಾರವಾಗಿಸಿತು, ಮತ್ತು ಫೋಲ್ಡರ್ ಮಾಡು, ನಕಲಿಸು, ಅಳಿಸು ಎಂಬಂಥ ಸಣ್ಣ ಕೆಲಸಗಳನ್ನು ಎಲ್ಲೆಡೆ ಒಂದೇ ರೀತಿ ಮಾಡಿಕೊಡುವ ತನ್ನದೇ ಪೆಟ್ಟಿಗೆಯನ್ನು ಜೊತೆಗಿಟ್ಟಿತು. ಇವಾನ್ ಮಾರ್ಟಿನ್ ಕ್ರೋಮ್ ಬ್ರೌಸರಿಗಾಗಿ ಬರೆದ ನಿಂಜಾ ಇವುಗಳಲ್ಲಿ ಅತ್ಯಂತ ಮಿತಭಾಷಿ: ಹುಟ್ಟಬೇಕಾದ ಕಡತಕ್ಕೆ ಫೋಲ್ಡರ್ ಇಲ್ಲದಿದ್ದರೆ ಕೇಳದೆಯೇ ಅದನ್ನು ಮಾಡಿಡುತ್ತದೆ, ವಿಂಡೋಸ್‌ನಲ್ಲಿ ಶೆಲ್‌ನ ಮಧ್ಯಸ್ಥಿಕೆಯಿಲ್ಲದೆ ಪ್ರೋಗ್ರಾಮನ್ನು ನೇರವಾಗಿ ಕರೆಯುತ್ತದೆ. ಮೇಕ್ ಮೂರು ದಶಕ ಬಳಕೆದಾರನ ಹೆಗಲಿಗೆ ಹೊರಿಸಿದ್ದ ಭಾರವನ್ನು ಹೀಗೆ ಸದ್ದಿಲ್ಲದೆ ಇಳಿಸಿದ್ದು ದೊಡ್ಡತನವೇ.

ಪುಣೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ತುದಿಯೂ ಇದೆ. 1988ರಲ್ಲಿ ಸ್ಥಾಪಿತವಾಗಿ 1991ರಲ್ಲಿ ಪರಮ್ 8000 ಎಂಬ ಸೂಪರ್ ಕಂಪ್ಯೂಟರನ್ನು ಕಟ್ಟಿದ ಸಿ-ಡ್ಯಾಕ್ ಈ ಊರಿನದು. ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಬಂದ ಪರಮ್ ಬ್ರಹ್ಮ ಪಾಷಾಣ್ ಭಾಗದ ಐಸರ್ ಸಂಸ್ಥೆಯಲ್ಲಿದೆ. ಹಲವು ಮಂದಿ ವಿಜ್ಞಾನಿಗಳು ಹಂಚಿಕೊಳ್ಳುವ ಇಂಥ ಯಂತ್ರಗಳಲ್ಲಿ ಒಂದೇ ತಂತ್ರಾಂಶದ ಹಲವು ಆವೃತ್ತಿಗಳು ಒಟ್ಟಿಗೆ ಬಾಳಬೇಕಾದ್ದರಿಂದ, ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ಪ್ಯಾಕ್‌ನಂಥ ಸಾಧನ ಪ್ರತಿ ಬಿಲ್ಡಿಗೂ ಯಂತ್ರದ ಬಗೆ, ತಂತ್ರಾಂಶದ ಆವೃತ್ತಿ, ಅದರ ಮೇಲೆ 32 ಅಕ್ಷರಗಳ ಗುರುತು, ಇವನ್ನೆಲ್ಲ ಪೋಣಿಸಿದ ಉದ್ದನೆಯ ಫೋಲ್ಡರ್ ವಿಳಾಸ ಕೊಡುತ್ತದೆ. ಇಲ್ಲಿ ವಿಳಾಸದ ಪ್ರಶ್ನೆಯೂ ಶೆಲ್‌ನ ಪ್ರಶ್ನೆಯೂ ಒಂದೇ ಸಾಲಿನಲ್ಲಿ ಡಿಕ್ಕಿ ಹೊಡೆಯುತ್ತವೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಸ್ಕ್ರಿಪ್ಟಿನ, ಎಂದರೆ ಆದೇಶಗಳ ಪಠ್ಯ ಕಡತದ, ಮೊದಲ ಸಾಲು ತನ್ನನ್ನು ಓದಬೇಕಾದ ಪ್ರೋಗ್ರಾಮಿನ ಪೂರ್ಣ ವಿಳಾಸವನ್ನು ಹೇಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ 2019ರ 5.1ನೆಯ ಆವೃತ್ತಿಗಿಂತ ಮೊದಲು ಆ ಸಾಲಿಗೆ 128 ಬೈಟ್‌ಗಳ ಜಾಗವನ್ನಷ್ಟೇ ಇಟ್ಟಿತ್ತು, ಬಳಿಕ 256 ಕೊಟ್ಟಿತು. ಹಳೆಯ ಕರ್ನೆಲ್‌ಗಳು ಮಿತಿ ಮೀರಿದ ಭಾಗವನ್ನು ಹೇಳದೆ ಕೇಳದೆ ಕತ್ತರಿಸಿ, ಉಳಿದ ಅರೆ ವಿಳಾಸವನ್ನೇ ನಂಬಿ ಹುಡುಕಲು ಹೊರಡುತ್ತಿದ್ದವು. ಸ್ಪ್ಯಾಕ್ ಬಿಲ್ಡ್ ಮುಗಿಸಿದ ಮೇಲೆ ಅಂಥ ಸ್ಕ್ರಿಪ್ಟುಗಳನ್ನು ಹುಡುಕಿ, ಮೊದಲ ಸಾಲಿನಲ್ಲಿ ಎಲ್ಲ ಯಂತ್ರದಲ್ಲೂ ಇರುವ ಮೂಲ ಶೆಲ್‌ನ ಗಿಡ್ಡ ವಿಳಾಸವನ್ನೂ 'ಎಸ್-ಬ್ಯಾಂಗ್' ಎಂಬ ಪುಟ್ಟ ಮಧ್ಯವರ್ತಿಯ ಹೆಸರನ್ನೂ ಬರೆದು, ನಿಜವಾದ ಉದ್ದ ವಿಳಾಸವನ್ನು ಎರಡನೆಯ ಸಾಲಿಗೆ ಇಳಿಸುತ್ತದೆ. ಎರಡನೆಯ ಸಾಲಿಗೆ ಕರ್ನೆಲ್‌ನ ಮಿತಿ ಅನ್ವಯಿಸುವುದಿಲ್ಲ.